ಥರ್ಮೋಕೋಲ್ ಉಂಡೆ ಬಿಟ್ಟು ಪರಮಾಣು ಮಾದರಿ ಮಾಡುವುದು ಹೇಗೆ?

ಡಿಸೆಂಬರ್ ಬಂತೆಂದರೆ ನಮ್ಮ ಅಂಗಡಿಗೆ ಒಂದು ಬಗೆಯ ಗಿರಾಕಿಗಳು ಬರುತ್ತಾರೆ. ಹೊತ್ತು ರಾತ್ರಿ ಎಂಟೂವರೆ. ಸ್ಕೂಟರ್ ಆಫ್ ಕೂಡ ಮಾಡುವುದಿಲ್ಲ. "ನಾಳೆ ಸೈನ್ಸ್ ಎಕ್ಸಿಬಿಷನ್ನಂತೆ. ಆಟಂ ಮಾಡೆಲ್ಲಿಗೆ ಏನೇನು ಬೇಕೋ ಕೊಟ್ಬಿಡಿ." ಹಿಂದಿನ ಸೀಟಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ ತೂಕಡಿಸುತ್ತಿರುತ್ತಾನೆ. ದೊಡ್ಡ ಥರ್ಮೋಕೋಲ್ ಉಂಡೆ ಒಂದು, ಸಣ್ಣವು ಹತ್ತು, ತಂತಿ, ಗೋಂದು, ಕೆಂಪು ನೀಲಿ ಬಣ್ಣ ಎಲ್ಲ ಕವರಿಗೆ ಹಾಕಿ ಕೊಡುತ್ತೇನೆ. ಹಾಸನದಲ್ಲಿ ಸ್ಟೇಷನರಿ ಅಂಗಡಿ ಇಟ್ಟು 22 ವರ್ಷ ಆಯಿತು. ಇಷ್ಟರಲ್ಲಿ ಎಷ್ಟು ಆಟಂ ಮಾರಿದ್ದೇನೋ ಲೆಕ್ಕ ಇಟ್ಟಿಲ್ಲ.

ಎರಡು ವರ್ಷದ ಹಿಂದೆ ಒಬ್ಬಳು ಹುಡುಗಿ ಮಾರನೇ ದಿನವೇ ವಾಪಸ್ ಬಂದಳು. "ಅಂಕಲ್, ಇದು ಯಾರ ಮಾಡೆಲ್ಲು ಅಂತ ಜಡ್ಜ್ ಕೇಳಿದ್ರು. ನಂಗೆ ಗೊತ್ತಾಗ್ಲಿಲ್ಲ. ನೀವೂ ಹೇಳಿರ್ಲಿಲ್ಲ." ನಾನು ಬಿ.ಎಸ್ಸಿ. ಓದಿದವನು. ಆದರೂ ಒಂದು ಗಳಿಗೆ ಬಾಯಿ ಕಟ್ಟಿತು. ಯಾಕೆಂದರೆ ನಾನು ಮಾರಿದ್ದು ಯಾರ ಮಾದರಿಯೂ ಅಲ್ಲ. ನಡುವಿನ ಬೀಜಕೇಂದ್ರ ರುದರ್‌ಫರ್ಡ್‌ದು. ಸುತ್ತಿನ ಬಳೆಗಳು ಬೋರ್‌ದು. ಒಳಗೆ ಅಂಟಿಸಿದ ನ್ಯೂಟ್ರಾನ್ ಚಾಡ್ವಿಕ್‌ದು. ಮೂರು ಮನೆಯ ಸಾರನ್ನು ಒಂದೇ ಪಾತ್ರೆಗೆ ಸುರಿದಂತೆ.

ಅವತ್ತಿನಿಂದ ಬೇಗ ಬಂದ ಮಕ್ಕಳಿಗೆ ಬೇರೆ ದಾರಿ ಹೇಳಿಕೊಡುತ್ತಿದ್ದೇನೆ. ಒಂದು ಮಾಡೆಲ್ ಬೇಡ, ಐದು ಸಣ್ಣ ಸಾಮಾನು ಮಾಡಿ. ಒಂದೊಂದರ ಪಕ್ಕದಲ್ಲೂ ಒಂದು ಚೀಟಿ ಇಡಿ. ಹಿಂದಿನವರ ಯಾವ ಲೆಕ್ಕ ತಾಳೆ ಆಗಲಿಲ್ಲ ಅನ್ನುವುದನ್ನು ಅದರಲ್ಲಿ ಬರೆಯಿರಿ. ಎರಡು ಭಾನುವಾರ ಬೇಕಾಗುತ್ತದೆ. ಹಿಂದಿನ ರಾತ್ರಿ ಎಂಟೂವರೆಗೆ ಬಂದರೆ ಆಗುವುದಿಲ್ಲ.

ಶುರುವಿಗೇ ಒಂದು ಮಾತು. ಬೋರ್ಡಿನ ಮೇಲೆ 'ಅಣು ಮಾದರಿ' ಎಂದು ಬರೆಯಬೇಡಿ. ನಮ್ಮ ಪಠ್ಯದಲ್ಲಿ ಆಟಂ ಎಂದರೆ ಪರಮಾಣು, ಮಾಲಿಕ್ಯೂಲ್ ಎಂದರೆ ಅಣು. ಪರಮಾಣು ಪದಕ್ಕೆ ನಾವು ದೂರ ಹೋಗಬೇಕಾಗಿಯೂ ಇಲ್ಲ. ಶ್ರವಣಬೆಳಗೊಳದ ಬೆಟ್ಟ ಹತ್ತುವ ಜೈನರ ಶಾಸ್ತ್ರದಲ್ಲಿ ಪುದ್ಗಲದ, ಅಂದರೆ ಜಡವಸ್ತುವಿನ, ಅತಿ ಸಣ್ಣ, ಒಡೆಯಲಾಗದ ಭಾಗಕ್ಕೆ ಪರಮಾಣು ಎಂದೇ ಹೆಸರು. ವೈಶೇಷಿಕರ ಕಣಾದ, ಗ್ರೀಸಿನ ಡೆಮಾಕ್ರಿಟಸ್ ಕೂಡ ಇದೇ ದಾರಿಯಲ್ಲಿ ಯೋಚಿಸಿದವರು. ಇವರಿಗೆಲ್ಲ ಸೇರಿ ಒಂದು ಚೀಟಿ ಸಾಕು. ಯಾರೂ ತಕ್ಕಡಿ ಹಿಡಿದಿರಲಿಲ್ಲ.

ತಕ್ಕಡಿ ಲೆಕ್ಕದಿಂದ ಪರಮಾಣುವನ್ನು ಹಿಡಿದವನು ಜಾನ್ ಡಾಲ್ಟನ್. ಮ್ಯಾಂಚೆಸ್ಟರಿನಲ್ಲಿ ಪಾಠ ಹೇಳಿ ಬದುಕುತ್ತಿದ್ದವನು. 1803ರಿಂದ 1808ರ ನಡುವೆ ತನ್ನ ವಾದವನ್ನು ಮುಂದಿಟ್ಟ. ಇವನಿಗೆ ಎರಡು ಗಾಜಿನ ಬಾಟಲಿ ತನ್ನಿ. ಒಂದರಲ್ಲಿ 80 ಪಾಲು ಕಾಫಿ ಪುಡಿ, 20 ಪಾಲು ಚಿಕೋರಿ. ಇನ್ನೊಂದರಲ್ಲಿ 60-40. ಪಕ್ಕದಲ್ಲಿ ಒಂದು ಲೋಟ ನೀರು. ಕಾಫಿ ಪುಡಿ ಅಂಗಡಿಯವನು "ಚಿಕೋರಿ ಎಷ್ಟು ಹಾಕ್ಲಿ?" ಎಂದು ಕೇಳುತ್ತಾನೆ, ಅಲ್ವಾ? ನೀರು ಹಾಗೆ ಕೇಳುವುದಿಲ್ಲ. ಎಲ್ಲಿಯ ನೀರಾದರೂ 9 ಗ್ರಾಂನಲ್ಲಿ 1 ಗ್ರಾಂ ಹೈಡ್ರೋಜನ್, 8 ಗ್ರಾಂ ಆಕ್ಸಿಜನ್. ಹೇಮಾವತಿಯದಾದರೂ ಅಷ್ಟೇ, ಬಾವಿಯದಾದರೂ ಅಷ್ಟೇ. ಇನ್ನೂ ಚೆನ್ನಾದ ಲೆಕ್ಕ ಇಂಗಾಲದ್ದು. 12 ಗ್ರಾಂ ಇಂಗಾಲ 16 ಗ್ರಾಂ ಆಕ್ಸಿಜನ್ ಜೊತೆ ಸೇರಿದರೆ ಒಂದು ಅನಿಲ, 32 ಗ್ರಾಂ ಜೊತೆ ಸೇರಿದರೆ ಇನ್ನೊಂದು. ಸರಿಯಾಗಿ ಎರಡು ಪಟ್ಟು. ಬಿಡಿ ಬಿಡಿ ಗುಂಡುಗಳಾಗಿ ಸೇರುವುದರಿಂದಲೇ ಹೀಗೆ. ಅರ್ಧ ಗುಂಡು ಸಿಗುವುದಿಲ್ಲ. ಡಾಲ್ಟನ್ ಪಾಠಕ್ಕೆ ಮರದ ಗುಂಡುಗಳನ್ನೇ ಇಟ್ಟುಕೊಂಡಿದ್ದ. ಥರ್ಮೋಕೋಲ್ ಉಂಡೆಗೆ ಮರ್ಯಾದೆ ಇರುವ ಜಾಗ ಇದೊಂದೇ. ಎರಡು ಉಂಡೆ ಇಲ್ಲಿಡಿ. ಅವನು ಎಡವಿದ್ದನ್ನೂ ಚೀಟಿಯಲ್ಲಿ ಬರೆಯಿರಿ: ನೀರಿನಲ್ಲಿ ಒಂದು ಹೈಡ್ರೋಜನ್ನಿಗೆ ಒಂದೇ ಆಕ್ಸಿಜನ್ ಎಂದುಕೊಂಡಿದ್ದ.

ಥಾಮ್ಸನ್ ಮಾದರಿಗೆ ಮೈದಾ ಸಾಕು. ಜಾಸ್ತಿ ಉಪ್ಪು ಹಾಕಿ ಗಟ್ಟಿಯಾಗಿ ಕಲಸಿ. ಸಾಸಿವೆ ಬೆರೆಸಿ ಉಂಡೆ ಕಟ್ಟಿ, ಚಾಕುವಿನಲ್ಲಿ ಎರಡು ಹೋಳು ಮಾಡಿ. ಒಳಗೆಲ್ಲ ಸಾಸಿವೆ ಕಾಣಬೇಕು. ಒಬ್ಬ ಹುಡುಗ ದ್ರಾಕ್ಷಿ ಹಾಕಿದ ಕೇಸರಿಬಾತ್ ಇಟ್ಟಿದ್ದ. ಮಧ್ಯಾಹ್ನದ ಹೊತ್ತಿಗೆ ಇರುವೆ. ಹಿಟ್ಟು ಧನ ವಿದ್ಯುತ್, ಸಾಸಿವೆ ಎಲೆಕ್ಟ್ರಾನ್. 1897ರಲ್ಲಿ ಕೇಂಬ್ರಿಜ್‌ನಲ್ಲಿ ಜೆ.ಜೆ. ಥಾಮ್ಸನ್ ಕಂಡದ್ದು ಏನೆಂದರೆ, ಕರೆಂಟು ಹರಿಸುವ ಗಾಜಿನ ಕೊಳವೆಯ ಋಣ ತುದಿ, ಅಂದರೆ ಕ್ಯಾಥೋಡ್, ಯಾವ ಲೋಹದ್ದಾದರೂ, ಕೊಳವೆಯಲ್ಲಿ ಯಾವ ಅನಿಲ ಇದ್ದರೂ ಹೊರಡುವ ಕಣ ಒಂದೇ. ಅದರ ತೂಕ ಹೈಡ್ರೋಜನ್ ಪರಮಾಣುವಿನ ಸುಮಾರು 1,800ರಲ್ಲಿ ಒಂದು ಪಾಲು. ಒಡೆಯದ ಗುಂಡಿನೊಳಗಿಂದ ಚೂರು ಬಂತು! ಡಾಲ್ಟನ್ ಲೆಕ್ಕ ತಪ್ಪಿದ್ದು ಇಲ್ಲಿ. ಜಡ್ಜ್ ಕೆಣಕಿದರೆ ಇನ್ನೊಂದು ಮಾತು ಇಟ್ಟುಕೊಂಡಿರಿ. ಪುಸ್ತಕದಲ್ಲಿ ಕಲ್ಲಂಗಡಿ ಎಂದಿರುತ್ತದೆ. ಆದರೆ 1904ರ ಅವನ ಮಾದರಿಯಲ್ಲಿ ಎಲೆಕ್ಟ್ರಾನ್‌ಗಳು ಬೀಜದ ಹಾಗೆ ಸುಮ್ನೆ ಕೂತಿರಲಿಲ್ಲ. ಒಳಗೇ ಉಂಗುರದಲ್ಲಿ ಸುತ್ತುತ್ತಿದ್ದವು.

ಇನ್ನು ಗೋಲಿ ಆಟ. ಜನ ನಿಲ್ಲುವುದು ಇಲ್ಲೇ. ಅರ್ಧ ಸಮಯ ಇದಕ್ಕೇ ಇಡಿ.

45 ಸೆಂ.ಮೀ. ಚೌಕದ ಪ್ಲೈವುಡ್ ಅಥವಾ ಗಟ್ಟಿ ರಟ್ಟು ಬೇಕು. ಮೇಜಿನ ಮೇಲೆ ಡ್ರಾಯಿಂಗ್ ಶೀಟ್ ಹಾಸಿ. ಅದರ ನಡುವೆ ನೀರಿನ ಬಾಟಲಿಯ ಮುಚ್ಚಳ ಒಂದನ್ನು ಭದ್ರವಾಗಿ ಅಂಟಿಸಿ. ನಾಲ್ಕು ಮೂಲೆಗೆ ಎರಡೆರಡು ಬೆಂಕಿಪೊಟ್ಟಣ ಇಟ್ಟು ಮೇಲೆ ಹಲಗೆ ಮುಚ್ಚಿ. ಗೋಲಿ ಕೆಳಗೆ ಸಲೀಸಾಗಿ ಉರುಳಬೇಕು, ಮುಚ್ಚಳ ಯಾರಿಗೂ ಕಾಣಬಾರದು. ಮಡಚಿದ ರಟ್ಟಿನ ಇಳಿಜಾರು ಮಾಡಿ, ಪ್ರತಿ ಸಲ ಒಂದೇ ಎತ್ತರದಿಂದ ಗೋಲಿ ಬಿಡಿ. ಒಟ್ಟು 100 ಸಲ. ಎಷ್ಟು ನೇರ ಹೊರಬಂದವು, ಎಷ್ಟು ಪಕ್ಕಕ್ಕೆ ಸಿಡಿದವು, ಎಷ್ಟು ವಾಪಸ್ ಬಂದವು ಎಂದು ಗೆರೆ ಹಾಕುತ್ತಾ ಹೋಗಿ.

ಮೊದಲ ವರ್ಷ ಇಲ್ಲೇ ನಾನು ಕೆಟ್ಟೆ. ಎಲ್ಲಿಂದ ಬೇಕಾದರೂ ಬಿಡಿ ಎಂದಿದ್ದೆ. ಹುಡುಗರು ಗುರಿ ಇಟ್ಟು ನಡುವಿಗೇ ಬಿಟ್ಟರು. 60 ಗೋಲಿ ತಗುಲಿದವು. ಲೆಕ್ಕ ಹಾಕಿದರೆ ಮುಚ್ಚಳ ಊಟದ ತಟ್ಟೆಯಷ್ಟಾಯಿತು. ಈಗ 1ರಿಂದ 45ರವರೆಗೆ ಚೀಟಿ ಮಡಚಿ ಡಬ್ಬಕ್ಕೆ ಹಾಕಿಸುತ್ತೇನೆ. ಹಲಗೆಯ ಅಂಚಿಗೆ ಸ್ಕೇಲ್ ಗುರುತು. ಯಾವ ಸಂಖ್ಯೆ ಬಂತೋ ಆ ಸೆಂಟಿಮೀಟರಿನಿಂದಲೇ ಬಿಡಬೇಕು. ಚೀಟಿ ಮತ್ತೆ ಡಬ್ಬಕ್ಕೆ ಹಾಕಿ ಕುಲುಕಬೇಕು.

ಲೆಕ್ಕ ಸುಲಭ. ಹೋದ ವರ್ಷ ನಮ್ಮ ಅಂಗಡಿ ಜಗುಲಿಯಲ್ಲಿ 100ಕ್ಕೆ 11 ತಗುಲಿದವು. 45ರಲ್ಲಿ ನೂರಕ್ಕೆ 11 ಪಾಲು ಎಂದರೆ 4.95 ಸೆಂ.ಮೀ. ಗೋಲಿಗೂ ಅಗಲ ಇದೆ, 1.6 ಸೆಂ.ಮೀ. ಅದನ್ನು ಕಳೆದರೆ 3.35. ಹಲಗೆ ಎತ್ತಿ ಅಳೆದರೆ ಮುಚ್ಚಳ 3 ಸೆಂ.ಮೀ. ಹುಡುಗರು ಹಾಕಿದ ಕೇಕೆಗೆ ಪಕ್ಕದ ಟೈಲರ್ ಮಿಷನ್ ನಿಲ್ಲಿಸಿ ಎದ್ದು ಬಂದರು. ಕಣ್ಣಿಗೆ ಕಾಣದ್ದನ್ನು ಬರೀ ಎಣಿಸಿ ಅಳೆದಿದ್ದರು.

ರುದರ್‌ಫರ್ಡ್ ಮಾಡಿಸಿದ್ದೂ ಎಣಿಕೆಯೇ. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಗರ್ ಮತ್ತು ಇಪ್ಪತ್ತರ ಹುಡುಗ ಮಾರ್ಸ್‌ಡೆನ್ ಕತ್ತಲೆ ಕೋಣೆಯಲ್ಲಿ ಕೂತರು. ತೆಳು ಲೋಹದ ಹಾಳೆಗೆ ಆಲ್ಫಾ ಕಣ (ವಿಕಿರಣ ವಸ್ತುವಿನಿಂದ ಸಿಡಿಯುವ ಧನ ವಿದ್ಯುತ್ತಿನ ಕಣ) ಬಡಿಸಿ, ಸತುವಿನ ಸಲ್ಫೈಡ್ ಪರದೆಯ ಮೇಲೆ ಮಿಣುಕು ಮಿಣುಕು ಎಂದದ್ದನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. ಸುಮಾರು 8,000ಕ್ಕೆ ಒಂದು ವಾಪಸ್ ಬಂತು. ಮೈದಾ ಉಂಡೆಗೆ ಅಷ್ಟು ವೇಗದ ಕಣವನ್ನು ಹಿಂದಕ್ಕೆ ತಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಧನ ವಿದ್ಯುತ್ ಮತ್ತು ತೂಕ ಎರಡೂ ನಡುವೆ ಒಂದು ಚುಕ್ಕೆಯಲ್ಲಿ ಕೂಡಿರಬೇಕು ಎಂದು ರುದರ್‌ಫರ್ಡ್ 1911ರಲ್ಲಿ ಬರೆದ. ಒಂದು ವ್ಯತ್ಯಾಸ ಹೇಳಲೇಬೇಕು. ನಮ್ಮ ಗೋಲಿ ಮುಚ್ಚಳಕ್ಕೆ ತಾಗುತ್ತದೆ, ಆಲ್ಫಾ ಕಣ ತಾಗದೆಯೇ ತಿರುಗುತ್ತದೆ. ಧನಕ್ಕೆ ಧನ ಆಗಿ ಬರುವುದಿಲ್ಲ. ಹಳೇ ಸ್ಪೀಕರಿನ ಎರಡು ಅಯಸ್ಕಾಂತ ಸಿಕ್ಕರೆ ಒಂದನ್ನು ಮೇಜಿಗೆ ಅಂಟಿಸಿ, ಇನ್ನೊಂದನ್ನು ದಾರಕ್ಕೆ ಕಟ್ಟಿ ತೂಗಿಸಿ. ಒಂದೇ ಧ್ರುವ ಎದುರಾದರೆ ಅದು ಹತ್ತಿರ ಬಂದು ಪಕ್ಕಕ್ಕೆ ವಾಲುತ್ತದೆ.

ಇದರ ಜೊತೆಗೆ ಒಂದು ಕರಿಮೆಣಸಿನ ಕಾಳು ಇಡಿ. ಸಕಲೇಶಪುರದ ಕಡೆ ನೆಂಟರಿದ್ದರೆ ಒಳ್ಳೇ ದಪ್ಪದ್ದೇ ಸಿಗುತ್ತದೆ. 5 ಮಿ.ಮೀ. ಕಾಳು ಹೈಡ್ರೋಜನ್ನಿನ ಬೀಜಕೇಂದ್ರ ಎಂದುಕೊಂಡರೆ ಎಲೆಕ್ಟ್ರಾನ್ ಸುಮಾರು 150 ಮೀಟರ್ ಆಚೆ. ಹೆಜ್ಜೆ ಹಾಕಿ ಅಳೆದು ಶಾಲೆಯ ಗೇಟಿನ ಹತ್ತಿರವೋ ರಸ್ತೆಯ ಆ ಬದಿಗೋ ಗೆಳೆಯನೊಬ್ಬನ ಕೈಗೆ ಬಾವುಟ ಕೊಟ್ಟು ನಿಲ್ಲಿಸಿ. "ನಿಮ್ಮ ಎಲೆಕ್ಟ್ರಾನ್ ಎಲ್ಲಿ?" ಎಂದು ಜಡ್ಜ್ ಕೇಳಿದರೆ ಕಿಟಕಿ ತೋರಿಸಿ. ನಾನು ಇಷ್ಟು ವರ್ಷ ಮಾರಿದ ಮಾಡೆಲ್ಲಿನ ದೊಡ್ಡ ಸುಳ್ಳು ಈ ಅಳತೆಯದೇ.

ಆದರೆ ರುದರ್‌ಫರ್ಡ್ ಪರಮಾಣು ಉಳಿಯುವಂತೆಯೇ ಇರಲಿಲ್ಲ. ಸುತ್ತುವ ಎಲೆಕ್ಟ್ರಾನ್ ಬೆಳಕು ಚೆಲ್ಲುತ್ತಾ ಶಕ್ತಿ ಕಳೆದುಕೊಂಡು ಕಣ್ಣು ಮಿಟುಕಿಸುವ ಮುಂಚೆಯೇ ಒಳಗೆ ಬೀಳಬೇಕು. ಬೀಳುತ್ತಿಲ್ಲ. ಇದು ಹಾಸನದ ಮಕ್ಕಳಿಗೆ ಬೇಗ ಹತ್ತುತ್ತದೆ, ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂ.ಸಿ.ಎಫ್. ಇದೆಯಲ್ಲ. ಅಲ್ಲಿಂದ ಉಪಗ್ರಹದ ಎಂಜಿನ್ ಉರಿಸಿ ಕಕ್ಷೆಯನ್ನು ಮೇಲೇರಿಸುತ್ತಾ 36,000 ಕಿ.ಮೀ. ಎತ್ತರಕ್ಕೆ ಒಯ್ಯುತ್ತಾರೆ. ನಡುವಿನ ಯಾವ ಎತ್ತರದಲ್ಲಾದರೂ ಉಪಗ್ರಹ ಸುತ್ತಬಹುದು. ಎಲೆಕ್ಟ್ರಾನ್‌ಗೆ ಆ ಸ್ವಾತಂತ್ರ್ಯ ಇಲ್ಲ, ಗೊತ್ತಾದ ಕೆಲವೇ ಮೆಟ್ಟಿಲು ಎಂದು ನೀಲ್ಸ್ ಬೋರ್ 1913ರಲ್ಲಿ ಹೇಳಿದ.

ಅದಕ್ಕೇ ಬಳೆ ಬೇಡ, ಏಣಿ ಮಾಡಿ. ಎಲೆಕ್ಟ್ರಾನಿನ ಶಕ್ತಿ ಅಳೆಯುವ ಮಾನಕ್ಕೆ ಎಲೆಕ್ಟ್ರಾನ್ ವೋಲ್ಟ್ ಎಂದು ಹೆಸರು. ಒಂದು ಎಲೆಕ್ಟ್ರಾನ್ ವೋಲ್ಟ್‌ಗೆ 5 ಸೆಂ.ಮೀ. ಲೆಕ್ಕದಲ್ಲಿ ಉದ್ದ ಚಾರ್ಟಿನ ಮೇಲೆ ಗೆರೆ ಎಳೆಯಿರಿ. ಒಂದರಿಂದ ಎರಡನೇ ಮೆಟ್ಟಿಲಿಗೆ 51 ಸೆಂ.ಮೀ. ಅಲ್ಲಿಂದ ಮೂರನೆಯದಕ್ಕೆ ಒಂಬತ್ತೂವರೆ. ನಾಲ್ಕನೆಯದಕ್ಕೆ ಬರೀ 3.3. ಮೇಲೆ ಹೋದಂತೆ ಮೆಟ್ಟಿಲು ಕಿರಿದಾಗುತ್ತಾ ಹೋಗುತ್ತದೆ. ಮೂರರಿಂದ ಎರಡಕ್ಕೆ ಹಾರಿದರೆ ಕೆಂಪು ಬೆಳಕು, ನಾಲ್ಕರಿಂದ ಎರಡಕ್ಕೆ ಹಸಿರು ಬೆರೆತ ನೀಲಿ.

ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಡಿ. 364.5ನ್ನು 9ರಿಂದ ಗುಣಿಸಿ 5ರಿಂದ ಭಾಗಿಸಿದರೆ 656. 16ರಿಂದ ಗುಣಿಸಿ 12ರಿಂದ ಭಾಗಿಸಿದರೆ 486. 25 ಮತ್ತು 21 ಹಾಕಿದರೆ 434. ಹೈಡ್ರೋಜನ್ ಬೆಳಕಿನ ಗೆರೆಗಳು ನ್ಯಾನೋಮೀಟರಿನಲ್ಲಿ ಇರುವುದು ಇಲ್ಲೇ. ಈ ಸೂತ್ರ ಕಂಡುಹಿಡಿದ ಬಾಮರ್ ದೊಡ್ಡ ಪ್ರಯೋಗಾಲಯದವನಲ್ಲ, ಬಾಸೆಲ್ ಊರಿನ ಹೆಣ್ಣುಮಕ್ಕಳ ಶಾಲೆಯ ಮೇಷ್ಟ್ರು. ಆಗ 1885, ಅವನಿಗೆ ಅರವತ್ತು. ಯಾಕೆ ಹೀಗೆ ಎಂದು ಅವನಿಗೂ ಗೊತ್ತಿರಲಿಲ್ಲ. 28 ವರ್ಷ ಆದಮೇಲೆ ಬೋರ್‌ನ ಏಣಿ ಅದಕ್ಕೆ ಕಾರಣ ಕೊಟ್ಟಿತು. ಈ ಕತೆ ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ, ಇರಲಿ.

ಗೆರೆಗಳನ್ನು ಕಣ್ಣಾರೆ ತೋರಿಸಲು ಶೂ ಡಬ್ಬ, ಹಳೇ ಸಿ.ಡಿ. ಸಾಕು. ಡಬ್ಬದ ಒಂದು ಬದಿಗೆ ಕೂದಲೆಳೆಯಂಥ ಸೀಳು. ಎದುರು ಬದಿಗೆ ಸಿ.ಡಿ.ಯನ್ನು ಓರೆಯಾಗಿ ನಿಲ್ಲಿಸಿ, ಮೇಲೆ ಇಣುಕುವ ತೂತು. ಓರೆಯನ್ನು ಅತ್ತಿತ್ತ ಸರಿಸಿದರೆ ಬಣ್ಣ ಹತ್ತುತ್ತದೆ. ಎಲ್.ಇ.ಡಿ. ಬಲ್ಬು ನೋಡಿದರೆ ಬಣ್ಣದ ಪಟ್ಟಿ ಒಂದಕ್ಕೊಂದು ಬೆರೆತಿರುತ್ತದೆ. ಅಟ್ಟದ ಮೇಲಿನ ಹಳೇ ಸಿ.ಎಫ್.ಎಲ್. ಹಾಕಿದರೆ ಬಿಡಿ ಬಿಡಿ ಗೆರೆ, ಅದರಲ್ಲಿ ಪಾದರಸದ ಹಸಿರು ಎದ್ದು ಕಾಣುತ್ತದೆ. ಸೂರ್ಯನ ಕಡೆ ಮಾತ್ರ ತಿರುಗಿಸಬೇಡಿ, ಕಣ್ಣು ಹೋಗುತ್ತದೆ.

ಈ ಏಣಿಯಲ್ಲಿ ನ್ಯೂಟ್ರಾನ್ ಅಂಟಿಸಬೇಡಿ. ಚಾಡ್ವಿಕ್ ಅದನ್ನು ಕಂಡದ್ದು 1932ರಲ್ಲಿ. 1913ರ ಮಾದರಿಗೆ ನ್ಯೂಟ್ರಾನ್ ಹಾಕುವುದು ಟಿಪ್ಪು ಸುಲ್ತಾನನ ಕೈಗೆ ಮೊಬೈಲ್ ಕೊಟ್ಟಂತೆ.

ಬೋರ್ ಏಣಿ ಹೈಡ್ರೋಜನ್ನಿಗೆ ಸೊಗಸಾಗಿ ಕೂತಿತು. ಎರಡೇ ಎಲೆಕ್ಟ್ರಾನ್ ಇರುವ ಹೀಲಿಯಂಗೆ ಬಂದಾಗ ಕೈಕೊಟ್ಟಿತು. 1926ರಲ್ಲಿ ಶ್ರೋಡಿಂಗರ್ ಅಲೆಯ ಸಮೀಕರಣ ಬರೆದ. ಆ ಅಲೆ ಹೇಳುವುದು ಎಲೆಕ್ಟ್ರಾನ್ ಎಲ್ಲಿ ಸಿಗುವ ಸಂಭವ ಎಷ್ಟು ಎಂಬುದನ್ನು ಎಂದು ಮ್ಯಾಕ್ಸ್ ಬಾರ್ನ್ ಅರ್ಥ ಹೇಳಿದ. ಕಕ್ಷೆ ಹೋಗಿ ಮೋಡ ಬಂತು. ಎಲೆಕ್ಟ್ರಾನ್ ಕಣ ಎಂದು ತೋರಿಸಿ ಅಪ್ಪ ಥಾಮ್ಸನ್ 1906ರಲ್ಲಿ ನೊಬೆಲ್ ತೆಗೆದುಕೊಂಡಿದ್ದ. ಅದು ಅಲೆಯ ಹಾಗೂ ನಡೆದುಕೊಳ್ಳುತ್ತದೆ ಎಂದು ತೋರಿಸಿ ಮಗ ಜಿ.ಪಿ. ಥಾಮ್ಸನ್ 1937ರಲ್ಲಿ ತೆಗೆದುಕೊಂಡ. ಆ ಮನೆಯ ಊಟದ ಮಾತು ಹೇಗಿರುತ್ತಿತ್ತೋ!

ಮೋಡಕ್ಕೆ ಹತ್ತಿ ಅಂಟಿಸುವುದು ಸುಲಭ, ಆದರೆ ಅದರಲ್ಲಿ ಲೆಕ್ಕ ಇಲ್ಲ. ಬಿಳಿ ಹಾಳೆಯ ಮೇಲೆ ಒಂದೊಂದು ಸೆಂ.ಮೀ. ಅಂತರದಲ್ಲಿ ಒಂದರ ಸುತ್ತ ಒಂದು ವೃತ್ತ ಎಳೆಯಿರಿ. ಮೇಲೆ ಕಾರ್ಬನ್ ಪೇಪರ್ ಬೋರಲು ಹಾಕಿ, ನಡುವಿಗೆ ಗುರಿ ಇಟ್ಟು ಒಂದು ಮೀಟರ್ ಎತ್ತರದಿಂದ ಗೋಲಿ ಬಿಡಿ. ನೂರು ಸಲ. ಕಾರ್ಬನ್ ಎತ್ತಿದರೆ ಚುಕ್ಕೆಗಳ ಮೋಡ. ಪ್ರತಿ ಬಳೆಯಲ್ಲೂ ಎಷ್ಟಿವೆ ಎಂದು ಎಣಿಸಿ. ಚುಕ್ಕೆ ಒತ್ತಾಗಿರುವುದು ನಟ್ಟ ನಡುವೆ. ಆದರೆ ಒಟ್ಟು ಎಣಿಕೆ ಜಾಸ್ತಿ ಬರುವುದು ಸಾಮಾನ್ಯವಾಗಿ ಎರಡನೇ, ಮೂರನೇ ಬಳೆಯಲ್ಲಿ. ನಡುವಿನ ವೃತ್ತಕ್ಕೆ ಜಾಗವೇ ಕಡಿಮೆ ನೋಡಿ. ಹೈಡ್ರೋಜನ್ನಿನಲ್ಲೂ ಹಾಗೇ. ಎಲೆಕ್ಟ್ರಾನ್ ಹೆಚ್ಚಾಗಿ ಸಿಗುವ ದೂರ 0.053 ನ್ಯಾನೋಮೀಟರ್. ಬೋರ್ ಮೊದಲ ಕಕ್ಷೆಗೆ ಕೊಟ್ಟಿದ್ದ ಅಳತೆಯೂ ಅದೇ. ಅವನ ದಾರಿ ಅಳಿಸಿ ಹೋಯಿತು, ಸಂಖ್ಯೆ ಉಳಿಯಿತು. ಇಲ್ಲೂ ಒಂದು ವ್ಯತ್ಯಾಸ ಚೀಟಿಯಲ್ಲಿರಲಿ: ಗೋಲಿ ಚದುರುವುದು ನಮ್ಮ ಕೈ ನಡುಗಿ. ಎಲೆಕ್ಟ್ರಾನ್ ಹರಡಿರುವುದು ಯಾರ ಕೈ ನಡುಗಿಯೂ ಅಲ್ಲ.

ಗೋಲಿ ಬಿದ್ದು ಪುಟಿದಾಗ ತಕ್ಷಣ ಹಿಡಿಯಲು ಒಬ್ಬರು ಪಕ್ಕದಲ್ಲಿರಬೇಕು. ಎರಡನೇ ಪುಟಿತದ ಚುಕ್ಕೆ ಬಿದ್ದರೆ ಎಣಿಕೆ ಕೆಡುತ್ತದೆ. ಕಾರ್ಬನ್ ಪೇಪರ್ ಈಗ ರಶೀದಿ ಪುಸ್ತಕದವರು ಬಿಟ್ಟರೆ ಯಾರೂ ಕೇಳುವುದಿಲ್ಲ, ಹಾಗಾಗಿ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಎರಡು ಹಾಳೆ ಸಾಕು. ಇಡೀ ಪ್ಯಾಕೆಟ್ಟೇ ತಗೊಳ್ಳಿ ಎಂದು ಯಾರಾದರೂ ಅಂದರೆ, ನಾನೇ ಅಂದರೂ ಸರಿ, ಬೇಡ ಅನ್ನಿ.