ಚಳಿಯಲ್ಲಿ ಓಡುವ ಮೊದಲು: ಬೀದರ್‌ನ ಬೆಳಗಿನ ನನ್ನ ಅನುಭವ

ಬೀದರ್ ನಗರವು ಸಮುದ್ರಮಟ್ಟದಿಂದ 2,000 ಅಡಿಗೂ ಹೆಚ್ಚು ಎತ್ತರದ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದ್ದು, ಡಿಸೆಂಬರ್ ಮತ್ತು ಜನವರಿಯ ನಸುಕಿನಲ್ಲಿ ಇಲ್ಲಿನ ಉಷ್ಣಾಂಶ ಕೆಲವೊಮ್ಮೆ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಅಂಥ ಬೆಳಗುಗಳಲ್ಲಿ ಹಳೆಯ ಊರಿನ ನಡುವಿನ ಕಾವಲು ಗೋಪುರವಾದ ಚೌಬಾರಾದಿಂದ ಕೋಟೆಯ ಕಡೆಗೆ ಓಡುವುದು ನನ್ನ ಹಲವು ವರ್ಷಗಳ ರೂಢಿ. ಮೊದಲೆಲ್ಲ ಹಾಸಿಗೆಯಿಂದ ಎದ್ದವನೇ ಮನೆಯ ಮೆಟ್ಟಿಲಿನ ಅಂಚಿನಲ್ಲಿ ನಿಂತು, ಹಿಮ್ಮಡಿಯನ್ನು ಕೆಳಕ್ಕೆ ಇಳಿಬಿಟ್ಟು, ಒಂದೊಂದು ಕಾಲನ್ನೂ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಳೆದು ಹಿಡಿದು, ತಕ್ಷಣ ಓಟ ಶುರುಮಾಡುತ್ತಿದ್ದೆ. ಮೈಯನ್ನು ಸಿದ್ಧಗೊಳಿಸುವುದೆಂದರೆ ಇಷ್ಟೇ ಎಂದು ನಂಬಿದ್ದೆ.

ಒಂದು ಜನವರಿಯ ಬೆಳಿಗ್ಗೆ ಕೋಟೆಯ ಕಂದಕ ಕಣ್ಣಿಗೆ ಬೀಳುವ ಮೊದಲೇ, ಎಡಗಾಲಿನ ಮೀನಖಂಡಕ್ಕೆ ಹಿಂದಿನಿಂದ ಯಾರೋ ಕಲ್ಲು ಬೀಸಿದಂತಾಯಿತು. ತಿರುಗಿ ನೋಡಿದೆ, ರಸ್ತೆಯಲ್ಲಿ ಯಾರೂ ಇರಲಿಲ್ಲ. ಸ್ನಾಯುವಿನ ಎಳೆಗಳು ಹರಿದಿದ್ದವು. ಐದು ವಾರ ಓಡಲಾಗಲಿಲ್ಲ. ಚಿಕಿತ್ಸೆ ನೀಡಿದ ಫಿಸಿಯೋಥೆರಪಿಸ್ಟ್ ಎಲ್ಲವನ್ನೂ ಕೇಳಿಸಿಕೊಂಡು, "ಸರ್, ನೀವು ಸ್ನಾಯುವನ್ನು ಎಳೆದಿದ್ದೀರಿ, ಬಿಸಿಮಾಡಿಲ್ಲ" ಎಂದರು. ಈ ಎರಡೂ ಬೇರೆಬೇರೆ ಕೆಲಸಗಳೆಂಬುದು ನನಗೆ ತಿಳಿದದ್ದು ಆಗಲೇ.

ಚಳಿಯಲ್ಲಿ ಕೈಕಾಲುಗಳ ಸ್ನಾಯುಗಳು ಮೈಯೊಳಗಿನ ಶಾಖಕ್ಕಿಂತ ಹಲವು ಡಿಗ್ರಿ ತಣ್ಣಗಿರುತ್ತವೆ. ಅವು ನಿಧಾನವಾಗಿ ಸಂಕುಚಿಸುತ್ತವೆ, ಕೀಲುಗಳೂ ಬಿಗಿದಿರುತ್ತವೆ. ಚಲನೆಯಿಂದ ರಕ್ತಸಂಚಾರ ಹೆಚ್ಚಿ ಸ್ನಾಯುವಿನಲ್ಲೇ ಶಾಖ ಹುಟ್ಟಬೇಕು. ನಿಂತಲ್ಲೇ ಎಳೆದು ಹಿಡಿದರೆ ಆ ಶಾಖ ಹುಟ್ಟುವುದಿಲ್ಲ. ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರಂತೂ ಸ್ನಾಯುವಿನ ಬಲ ಸ್ವಲ್ಪ ಹೊತ್ತು ಕುಗ್ಗುತ್ತದೆ.

ಈಗ ನಾನು ಮನೆಯೊಳಗೇ ಆರಂಭಿಸುತ್ತೇನೆ. ಜಾಕೆಟ್ ಹಾಕಿಕೊಂಡೇ ಪಾದದ ಕೀಲುಗಳನ್ನು ತಿರುಗಿಸಿ, ಗೋಡೆ ಹಿಡಿದು 15 ಸಲ ತುದಿಗಾಲಲ್ಲಿ ಏಳುತ್ತೇನೆ, 10 ಬೈಠಕ್ ಹೊಡೆಯುತ್ತೇನೆ, ನಿಂತಲ್ಲೇ ಮಂಡಿಗಳನ್ನು ಎತ್ತೆತ್ತಿ ಹೆಜ್ಜೆ ಹಾಕುತ್ತೇನೆ. ಐದು ನಿಮಿಷವಾದ ಮೇಲೆ ಬಾಗಿಲು ತೆರೆದು ನಿಲ್ಲದೆ ನಡೆಯುತ್ತೇನೆ, ಏಕೆಂದರೆ ಶೂ ಲೇಸ್ ಕಟ್ಟುತ್ತಲೋ ಗೆಳೆಯರಿಗಾಗಿ ಕಾಯುತ್ತಲೋ ಹೊರಗೆ ನಿಂತರೆ ಗಳಿಸಿದ ಶಾಖವೆಲ್ಲ ಬೇಗನೆ ಹೋಗಿಬಿಡುತ್ತದೆ. ಬಹಳ ಜನ ತಪ್ಪುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಮೂರು ನಿಮಿಷ ಬಿರುಸಿನ ನಡಿಗೆ, ಆಮೇಲೆ ಎಂಟು ನಿಮಿಷ ಮಾತನಾಡುತ್ತ ಓಡಬಹುದಾದಷ್ಟು ನಿಧಾನದ ಓಟ. ಈ ಹೊತ್ತಿನಲ್ಲಿ ಮೂಗು, ಬಾಯಿಗಳ ಮೇಲೆ ತೆಳುವಾದ ಮಫ್ಲರ್ ಇರುತ್ತದೆ; ತಣ್ಣನೆಯ ಒಣಗಾಳಿ ನೇರವಾಗಿ ಒಳಹೋಗದಿದ್ದರೆ ನನಗೆ ಕೆಮ್ಮು ಬರುವುದಿಲ್ಲ. ಹಣೆಯ ಅಂಚಿನಲ್ಲಿ ಸಣ್ಣಗೆ ಬೆವರು ಮೂಡಿತೆಂದರೆ ಮೈ ಬಿಸಿಯಾಗಿದೆ ಎಂದರ್ಥ.

ಆಗಷ್ಟೇ ಗೋಡೆಯೊಂದನ್ನು ಹಿಡಿದು ಪ್ರತಿ ಕಾಲನ್ನೂ ಹಿಂದೆ ಮುಂದೆ 10 ಸಲ ಬೀಸಿ, ಉದ್ದ ಹೆಜ್ಜೆಯಿಟ್ಟು ಮಂಡಿ ಬಗ್ಗಿಸುತ್ತ ಹತ್ತಾರು ಹೆಜ್ಜೆ ನಡೆದು, ಕೊನೆಗೆ 60 ಮೀಟರ್‌ನಷ್ಟು ದೂರವನ್ನು ನಾಲ್ಕು ಸಲ, ವೇಗವನ್ನು ಮೆಲ್ಲಮೆಲ್ಲನೆ ಏರಿಸುತ್ತ ಓಡುತ್ತೇನೆ. ಜಾಕೆಟ್ ಸೊಂಟಕ್ಕೆ ಬರುವುದು ಅದಾದ ಮೇಲೆ.

ಎಳೆದು ಹಿಡಿಯುವುದನ್ನು ನಾನು ಬಿಟ್ಟಿಲ್ಲ, ಓಟದ ನಂತರಕ್ಕೆ ಇಟ್ಟಿದ್ದೇನೆ. ಮನೆಗೆ ಬಂದು ಮೊದಲು ಒದ್ದೆ ಬನಿಯನ್ ಬದಲಿಸಿ, ಮೀನಖಂಡವನ್ನು ಮಂಡಿ ನೇರವಾಗಿಟ್ಟು 30 ಸೆಕೆಂಡು, ಮಂಡಿ ಬಗ್ಗಿಸಿ ಮತ್ತೆ 30 ಸೆಕೆಂಡು ಎಳೆಯುತ್ತೇನೆ. ನೇರವಾಗಿಟ್ಟಾಗ ಮೇಲಿನ ಸ್ನಾಯುವಿಗೂ ಬಗ್ಗಿಸಿದಾಗ ಅದರ ಅಡಿಯ ಸ್ನಾಯುವಿಗೂ ಸೆಳೆತ ತಾಗುತ್ತದೆ. ಫೆಬ್ರವರಿ ಕಳೆದು ಬಿಸಿಲು ಬಲಿತ ಮೇಲೆ ಮನೆಯೊಳಗಿನ ಐದು ನಿಮಿಷವನ್ನು ಕೈಬಿಡುತ್ತೇನೆ. ನಾಲ್ಕು ಸಲದ ಆ 60 ಮೀಟರ್ ಓಟವನ್ನು ಮಾತ್ರ ಬೇಸಿಗೆಯಲ್ಲೂ ಬಿಡುವುದಿಲ್ಲ.