ಕೆರೆ ಏರಿ ಮೇಲೆ ಪೆನ್ಸಿಲ್ ಹಿಡಿದು ನಿಲ್ಲುವುದು ಹೇಗೆ?

ಕಾಫಿ ತೋಟದ ಅಂಚಿಗೊಂದು ಕೆರೆ, ಅದರ ಕೆಳಗೆ ಗದ್ದೆ. ಕೊಡಗಿನಲ್ಲಿ ಇಂಥ ಜಾಗಗಳಿಗೆ ಬರವಿಲ್ಲ. ಒಂದು ಕೆರೆಯ ಜೀವಿಗಳ ಲೆಕ್ಕ ಇಡಲು ನಾಲ್ಕೈದು ಜನ ಸಾಕು.

ಮೊದಲು ಕೆರೆ ಯಾರದ್ದು ಎಂದು ತಿಳಿದುಕೊಳ್ಳಿ. ಪಂಚಾಯಿತಿಯೋ, ಅರಣ್ಯ ಇಲಾಖೆಯೋ, ತೋಟದವರೋ, ಅವರ ಒಪ್ಪಿಗೆ ಬೇಕು. ಹಿಂದಿನ ರಾತ್ರಿ ಆನೆ ಬಂದ ಸುದ್ದಿ ಇದ್ದರೆ ಅವತ್ತು ಹೋಗಲೇಬೇಡಿ.

ನಿಲ್ಲುವ ಜಾಗ, ಹೊತ್ತು ಎರಡೂ ಬದಲಾಗಬಾರದು. ಬೆಳಿಗ್ಗೆ ಏಳಕ್ಕೆ ಅರ್ಧ ಗಂಟೆ ಎಂದರೆ ಪ್ರತಿ ವಾರವೂ ಅಷ್ಟೇ. ಇಲ್ಲದಿದ್ದರೆ ಹಕ್ಕಿ ಜಾಸ್ತಿಯಾಯಿತೋ, ನಾವು ನಿಂತದ್ದು ಜಾಸ್ತಿಯಾಯಿತೋ ಗೊತ್ತಾಗುವುದಿಲ್ಲ. ದೊಡ್ಡ ಗುಂಪು ಕಂಡರೆ ಹತ್ತು ಹಕ್ಕಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ನೋಡಿ. ಅಂಥ ತುಂಡು ಎಷ್ಟಿವೆ ಎಂದು ಲೆಕ್ಕ ಹಾಕಿ. ಬರೆಯಲು ಪೆನ್ಸಿಲ್ಲೇ ಇರಲಿ, ನಮ್ಮ ಮಳೆಗೆ ಶಾಯಿ ನಿಲ್ಲುವುದಿಲ್ಲ.

ಹೊಸಬರು ಎಡವುವುದು ಕೊಳದ ಬಕದಲ್ಲಿ. ಕೂತಾಗ ಮಣ್ಣಿನ ಬಣ್ಣ, ಹಾರಿದರೆ ರೆಕ್ಕೆ ಬೆಳ್ಳಗೆ. ಬೆಳ್ಳಕ್ಕಿ ಎಂದು ಬರೆದುಬಿಡುತ್ತಾರೆ. ಗುರುತು ಸಿಗದಿದ್ದರೆ ಸುಮ್ನೆ ಹೆಸರು ಹಚ್ಚಬೇಡಿ. ಕೊಕ್ಕು, ಕಾಲು, ಬಣ್ಣ ಬರೆದಿಡಿ.

ಶುರುವಿನಲ್ಲಿ ನಾನು ಅಪರೂಪದ ಹಕ್ಕಿಗಳನ್ನಷ್ಟೇ ಬರೆಯುತ್ತಿದ್ದೆ. ಬೆಳ್ಳಕ್ಕಿ ಎಲ್ಲ ಕಡೆ ಇದೆ ಅಲ್ವಾ ಎಂಬ ಉಡಾಫೆ. ಈಗ ಅವು ಕಡಿಮೆಯಾದಂತೆ ಕಾಣುತ್ತದೆ, ಆದರೆ ಹೋಲಿಸಲು ಹಳೆಯ ಪುಟಗಳಲ್ಲಿ ಒಂದು ಸಂಖ್ಯೆಯೂ ಇಲ್ಲ. ನೀರುಕಾಗೆ, ಹುಂಡುಕೋಳಿ, ಎಲ್ಲವನ್ನೂ ಬರೆಯಿರಿ. ಏನೂ ಕಾಣದ ದಿನ ಸೊನ್ನೆ ಬರೆಯಿರಿ.

ಇನ್ನು ಕಳೆ. ಅಂತರಗಂಗೆ ಗಿಡ ಕೆರೆಯನ್ನು ಮುಚ್ಚುತ್ತಿದ್ದರೆ ಮಳೆಗಾಲ ಮುಗಿದ ಮೇಲೆ ಕೈಯಿಂದ ಕೀಳಿ. ಮಳೆಗಾಲದಲ್ಲಿ ದೇವನಕ್ಕಿ ಎಂಬ ನೀರುಹಕ್ಕಿ ತೇಲುವ ಎಲೆಗಳ ಮೇಲೆಯೇ ಮೊಟ್ಟೆ ಇಡುತ್ತದೆ. ಒಂದೇ ಸಲ ಪೂರ್ತಿ ಬಳಿಯಬೇಡಿ, ಒಂದು ಮೂಲೆ ಮುಗಿಸಿ ಇನ್ನೊಂದು ಮೂಲೆಗೆ ಹೋಗಿ. ಕಿತ್ತದ್ದನ್ನು ಒಂದು ದಿನ ನೀರಂಚಿನಲ್ಲೇ ಬಿಡಿ, ಒಳಗಿನ ಹುಳ, ಗೊದಮೊಟ್ಟೆ ವಾಪಸ್ ನೀರಿಗೆ ಇಳಿಯಲಿ. ಆಮೇಲೆ ಗೊಬ್ಬರದ ಗುಂಡಿಗೆ. ಅಂಚಿನ ಜೊಂಡು ಮಾತ್ರ ಹಾಗೇ ಇರಲಿ. 'ಕ್ಲೀನ್' ಕಾಣಬೇಕು ಎಂಬ ಹುರುಪಿನಲ್ಲಿ ಅದನ್ನೂ ಸವರಿಬಿಡುವವರೇ ಹೆಚ್ಚು.

ದಡದ ಕಲ್ಲಿನ ಮೇಲೆ ಮೀನಿನ ಪೊರೆ, ಏಡಿ ಚಿಪ್ಪು ತುಂಬಿದ ಹಿಕ್ಕೆ ಸಿಕ್ಕರೆ ನೀರುನಾಯಿ ಬಂದಿರಬಹುದು. ಫೋಟೊ ತೆಗೆಯಿರಿ, ವಾಟ್ಸಾಪ್ ಗುಂಪಿಗೆ ಜಾಗದ ಹೆಸರು ಹಾಕಬೇಡಿ.

ಪಟ್ಟಿಯನ್ನು ಮನೆಗೆ ಬಂದ ದಿನವೇ ಹಕ್ಕಿ ಲೆಕ್ಕ ದಾಖಲಿಸುವ ಇಬರ್ಡ್ ಆ್ಯಪ್‌ಗೆ ಏರಿಸಿ. ಶುರು ಮಾಡಲು ಜನವರಿ ಒಳ್ಳೆಯದು. 1987ರಿಂದ ನಡೆದುಬಂದಿರುವ ಏಷ್ಯಾದ ನೀರುಹಕ್ಕಿ ಗಣತಿ ಆಗಲೇ ಇರುತ್ತದೆ, ನಿಮ್ಮ ಕೆರೆಯ ಲೆಕ್ಕವೂ ಅದಕ್ಕೆ ಸೇರಬಹುದು.