ಸೆಲ್ಲಾರ್ ರೂಮು ಮಾಡಿಸುವ ಮುನ್ನ ಒಂದು ಮಳೆಗಾಲ ನೋಡಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಇಳಿಜಾರು ಸೈಟಿನಲ್ಲಿ ಮನೆ ಕಟ್ಟಿದರೆ ರಸ್ತೆ ಮಟ್ಟದ ಕೆಳಗೆ ಒಂದು ಅಂತಸ್ತು, ಅಂದರೆ ಸೆಲ್ಲಾರ್, ತಾನಾಗಿಯೇ ಸಿಗುತ್ತದೆ. ಸೌದೆ, ಗೊಬ್ಬರದ ಮೂಟೆ, ಹಳೇ ಮಂಚ ಎಲ್ಲ ಅಲ್ಲಿಗೇ. ಅದನ್ನು ರೂಮು ಮಾಡಿಸಲು ಹೊರಟವರು ಮೊದಲು ಟೈಲ್ಸ್ ಅಂಗಡಿಗೆ ಹೋಗುತ್ತಾರೆ. ಹೋಗಬೇಕಾದದ್ದು ಮನೆ ಹಿಂದಿನ ಧರೆಯ (ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆಯ) ಹತ್ತಿರಕ್ಕೆ, ಅದೂ ಮಳೆ ಹೊಯ್ಯುವಾಗ.

ಪುಷ್ಯ, ಆಶ್ಲೇಷಾ ಮಳೆ ಮುಗಿಯುವ ಹೊತ್ತಿಗೆ ಮಣ್ಣು ಕುಡಿಯುವಷ್ಟು ನೀರು ಕುಡಿದಿರುತ್ತದೆ. ಆಗ ಗೋಡೆ ಎಲ್ಲಿ ಜಿನುಗುತ್ತದೆ, ನೆಲದ ಯಾವ ಮೂಲೆಯಲ್ಲಿ ಒರತೆ ಏಳುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ತಾರೀಖು ಸಮೇತ ಫೋಟೋ ತೆಗೆದಿಡಿ. ತೇವ ಗೋಡೆಯದೋ ಗಾಳಿಯದೋ ಎಂಬ ಅನುಮಾನವಿದ್ದರೆ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಟೇಪ್ ಮಾಡಿ ಎರಡು ದಿನ ಬಿಡಿ. ಹನಿ ಹಾಳೆಯ ಹಿಂಬದಿಯಲ್ಲಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಗಿದ್ದರೆ ಅದು ಗಾಳಿಯ ತೇವ, ಕಿಟಕಿ ಮತ್ತು ಎಕ್ಸಾಸ್ಟ್ ಫ್ಯಾನಿನಿಂದಲೇ ಬಹುಪಾಲು ಹೋಗುತ್ತದೆ.

ಧರೆ ಕಡೆಯ ಗೋಡೆಯಲ್ಲಿ ಅರ್ಧ ಎತ್ತರದಲ್ಲಿ ಅಡ್ಡ ಬಿರುಕಿದ್ದರೆ, ಗೋಡೆ ಒಳಕ್ಕೆ ಉಬ್ಬಿದ್ದರೆ, ಅದು ಮಣ್ಣಿನ ಒತ್ತಡ. ಇದು ಮೇಸ್ತ್ರಿ ಕೆಲಸವಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ನೋಡುವವರೆಗೆ ಮುಂದಿನ ಯಾವ ಖರ್ಚೂ ಬೇಡ.

ಎತ್ತರವನ್ನೂ ಈಗಲೇ ಅಳೆಯಿರಿ. ನೆಲದಿಂದ ಮೇಲಿನ ಸ್ಲ್ಯಾಬಿನ ತಳದವರೆಗೆ ಕನಿಷ್ಠ 2.4 ಮೀಟರ್, ಅಂದರೆ ಸುಮಾರು ಎಂಟು ಅಡಿ ಬೇಕು. ಹೊಸ ನೆಲಕ್ಕೇ ಐದಾರು ಇಂಚು ಹೋಗುತ್ತದೆ. ಸಾಲದೆ ಬಂದರೆ 'ಒಂದಡಿ ಅಗೆದುಬಿಡೋಣ' ಎನ್ನುವವರು ಇದ್ದೇ ಇರುತ್ತಾರೆ. ಪಾಯದ ಪಕ್ಕದ ಮಣ್ಣು ತೆಗೆದರೆ ಪಾಯಕ್ಕೆ ಆಸರೆ ಹೋಗುತ್ತದೆ. ಎಂಜಿನಿಯರ್ ಬರೆದು ಕೊಡದೆ ಒಂದು ಗುದ್ದಲಿ ಮಣ್ಣೂ ತೆಗೆಸಬೇಡಿ. ಮಂಜೂರಾದ ನಕ್ಷೆಯಲ್ಲಿ ಆ ಜಾಗ ಪಾರ್ಕಿಂಗ್ ಎಂದಿದ್ದರೆ ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸದೆ ಬಾಡಿಗೆ ಮನೆ ಮಾಡಲು ಹೋಗಬೇಡಿ.

ಇನ್ನು ನೀರು. ಒಳಗಿನಿಂದ ಮಾತ್ರ ಬಳಿದ ವಾಟರ್‌ಪ್ರೂಫ್ ಪೇಂಟ್ ಯಾಕೆ ನಿಲ್ಲುವುದಿಲ್ಲ ಎಂದರೆ, ನೀರು ಅದನ್ನು ಹಿಂದಿನಿಂದ ತಳ್ಳುತ್ತದೆ. ಒಂದು ಮಳೆಗಾಲಕ್ಕೆ ಉಪ್ಪಿನ ಹುಡಿ, ಆಮೇಲೆ ಗುಳ್ಳೆ, ಆಮೇಲೆ ಚಕ್ಕೆ. ನೀರು ಗೋಡೆ ಮುಟ್ಟುವ ಮೊದಲೇ ದಾರಿ ಬದಲಿಸಬೇಕು. ಮೊದಲು ಸೂರಿನ ನೀರಿನ ಪೈಪನ್ನು ಧರೆಯ ಬುಡದಿಂದ ಆಚೆಗೆ ಒಯ್ಯಿರಿ; ಎಷ್ಟೋ ಮನೆಗಳಲ್ಲಿ ಅರ್ಧ ಕಾಯಿಲೆ ಅಷ್ಟಕ್ಕೇ ವಾಸಿ. ಆಮೇಲೆ ಗೋಡೆಯ ಹೊರಗೆ ಎರಡಡಿ ಅಗಲದ ಚರಂಡಿ ತೋಡಿ, ಪಾಯದ ತಳಕ್ಕಿಂತ ಮೇಲೆಯೇ ನಿಲ್ಲಿಸಿ, 110 ಎಂಎಂ ತೂತಿನ ಪೈಪ್ ಇಡಬೇಕು. ತೂತು ಕೆಳಮುಖ, ಇಳಿಜಾರು 30 ಅಡಿಗೆ 4 ಇಂಚು, ಸುತ್ತ 20 ಎಂಎಂ ಜಲ್ಲಿ, ಅದರ ಸುತ್ತ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಆ ಬಟ್ಟೆಯ ಖರ್ಚು ಉಳಿಸಲು ಹೋದರೆ ಮಣ್ಣು ಕೂತು ಪೈಪ್ ಕಟ್ಟಿಕೊಳ್ಳುತ್ತದೆ. ಇಡೀ ಉದ್ದವನ್ನು ಜೆಸಿಬಿಯಲ್ಲಿ ಒಂದೇ ಸಲ ತೋಡಿಸಬೇಡಿ: ಧರೆ ಜರಿದು ಕೆಲಸದವರ ಮೇಲೇ ಬೀಳಬಹುದು. ಎಂಟು-ಹತ್ತು ಅಡಿಯಂತೆ ತೋಡಿ, ಮುಚ್ಚಿ, ಮುಂದಕ್ಕೆ ಹೋಗಲಿ.

ಒಳಗೆ ಗೋಡೆಯಲ್ಲಿ ನೀರು ಬಿಡುವ ಪೈಪುಗಳು ಮೊದಲೇ ಇದ್ದರೆ, ನೋಡಲು ಚೆಂದವಿಲ್ಲ ಎಂದು ಗಾರೆ ತುಂಬಿ ಮುಚ್ಚಿಸಬೇಡಿ. ಅವನ್ನು ನೆಲದಂಚಿನ ಸಣ್ಣ ಕಾಲುವೆಗೆ ಸೇರಿಸಿ ತಗ್ಗಿನ ಕಡೆ ಹೊರಕ್ಕೆ ಬಿಡಿ. ಇಳಿಜಾರಿನ ಮನೆಗೆ ಈ ಅನುಕೂಲ ಇದೆ. ಹಾಸನ ಪೇಟೆಯೊಳಗಿನ ಸಮತಟ್ಟು ಸೈಟಿನ ಸೆಲ್ಲಾರ್‌ಗಾದರೆ ಗುಂಡಿ, ಸಬ್‌ಮರ್ಸಿಬಲ್ ಪಂಪು, ಕರೆಂಟ್ ಹೋದಾಗ ಅದನ್ನು ಓಡಿಸುವ ವ್ಯವಸ್ಥೆ ಮೂರೂ ಬೇಕು.

ನೆಲಕ್ಕೆ ಒಂದು ಲೆಕ್ಕ: 20x15 ಅಡಿಯ ಕೋಣೆ 300 ಚದರಡಿ. ಗಟ್ಟಿ ಮಾಡಿದ ನೆಲದ ಮೇಲೆ 250 ಮೈಕ್ರಾನ್ ಪಾಲಿಥಿನ್ ಶೀಟ್, ಜೋಡಣೆಯಲ್ಲಿ ಆರಿಂಚು ಒಂದರ ಮೇಲೊಂದು, ಗೋಡೆಗೆ ಒಂಬತ್ತು ಇಂಚು ಮೇಲಕ್ಕೆ. ಸುಮಾರು 400 ಚದರಡಿ ತನ್ನಿ. ಅದರ ಮೇಲೆ 4 ಇಂಚು 1:4:8 ಕಾಂಕ್ರೀಟ್ (ಒಂದು ಪಾಲು ಸಿಮೆಂಟ್, ನಾಲ್ಕು ಮರಳು, ಎಂಟು ಜಲ್ಲಿ): ಸುಮಾರು 10 ಮೂಟೆ ಸಿಮೆಂಟ್, 47 ಸಿಎಫ್‌ಟಿ (ಘನ ಅಡಿ) ಎಂ ಸ್ಯಾಂಡ್, 95 ಸಿಎಫ್‌ಟಿ ಜಲ್ಲಿ. ಏಳು ದಿನ ನೀರು ಹೊಡೆಯಲೇಬೇಕು. ಧರೆ ಕಡೆಯ ಗೋಡೆಗೆ ಜಿಪ್ಸಂ ಪ್ಲಾಸ್ಟರ್, ಪ್ಲೈವುಡ್ ವಾರ್ಡ್‌ರೋಬ್ ಎರಡೂ ಬೇಡ. ಸಾಕೆಟ್‌ಗಳು ನೆಲದಿಂದ ಎರಡಡಿ ಮೇಲಿರಲಿ, ಆ ಸರ್ಕ್ಯೂಟ್‌ಗೆ 30 ಎಂಎ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಲಿ. ಬಾತ್‌ರೂಮು ಬೇಕಿದ್ದರೆ ಹೊರಗಿನ ಕೊಳಚೆ ಚೇಂಬರಿನ ಮಟ್ಟ ಮೊದಲು ನೋಡಿ. ಕಮೋಡ್ ಅದಕ್ಕಿಂತ ಕೆಳಗಿದ್ದರೆ ಮಳೆಯಲ್ಲಿ ಕೊಳಚೆ ವಾಪಸ್ ಒಳಗೇ ಬರುತ್ತದೆ.

ಕಾಂಟ್ರಾಕ್ಟರ್ ಹುಡುಕುವಾಗ ಮುಗಿದ ಕೆಲಸದ ಫೋಟೋಕ್ಕಿಂತ, ಒಂದೆರಡು ಮಳೆಗಾಲ ಕಂಡ ಕೆಲಸದ ವಿಳಾಸ ಕೇಳಿ. ಹೋದಾಗ ಗೋಡೆಯ ಕೆಳಗಿನ ಒಂದಡಿ ನೋಡಿ, ಬೀರುವಿನ ಹಿಂದೆ ಕೈಯಾಡಿಸಿ, ಬೂಷ್ಟಿನ ವಾಸನೆ ಇದೆಯೇ ಗಮನಿಸಿ. ಮೂರು ಜನರಿಗೆ ಒಂದೇ ಪಟ್ಟಿ ಕೊಟ್ಟು ದರ ಕೇಳಿ, ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ. ಪಟ್ಟಿಯಲ್ಲಿ 'ಬೇಸ್‌ಮೆಂಟ್' ಎಂದು ಬರೆಯಬೇಡಿ. ನಮ್ಮ ಕಡೆ ಮೇಸ್ತ್ರಿಗಳಿಗೆ ಬೇಸ್‌ಮೆಂಟ್ ಎಂದರೆ ಪಾಯದ ಮೇಲಿನ ಕಟ್ಟೆ. ಜಗಳ ಅಲ್ಲಿಂದಲೇ ಶುರು. 'ವಾಟರ್‌ಪ್ರೂಫಿಂಗ್, ಒಟ್ಟು ಇಷ್ಟು' ಎಂಬ ಒಂದೇ ಸಾಲಿನ ಕೊಟೇಶನ್ ಬಂದರೆ ವಾಪಸ್ ಕೊಡಿ. ಹೀಗೆ ಬರೆಸಿ: 'ಧರೆ ಕಡೆಯ ಗೋಡೆಯ ಹಳೇ ಪ್ಲಾಸ್ಟರ್ ಪೂರ್ತಿ ಕಿತ್ತು, ಸಂದು ತುಂಬಿ, ಸಿಮೆಂಟ್ ಆಧಾರಿತ ಕೋಟಿಂಗ್ ಎರಡು ಕೈ, ಮೇಲೆ 1:4 ಪ್ಲಾಸ್ಟರ್, ಚದರಡಿಗೆ ಇಷ್ಟು.' ಕೋಟಿಂಗಿನ ಕಂಪನಿ ಹೆಸರು, ಎಷ್ಟು ಡಬ್ಬ ಎಂಬುದೂ ಇರಲಿ, ಖಾಲಿ ಡಬ್ಬ ಎಣಿಸಿಕೊಳ್ಳಬಹುದು. ಲೇಬರ್ ಕಾಂಟ್ರಾಕ್ಟ್ ಆದರೆ ಸೆಂಟ್ರಿಂಗ್, ಮಿಕ್ಸರ್, ಕಸ ಸಾಗಿಸುವ ಖರ್ಚು ಯಾರದು ಎಂದೂ ಬರೆದಿರಲಿ.

ಕೆಲಸಕ್ಕೆ ಹೊತ್ತು ಫೆಬ್ರವರಿಯಿಂದ ಮೇ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕುಯ್ಲಿಗೆ ಹೋದ ಆಳುಗಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಜಾಸ್ತಿ. ಹೊರಗಿನ ಚರಂಡಿ ಏಪ್ರಿಲ್ ಒಳಗೆ ಮುಚ್ಚಿರಬೇಕು. ಪ್ಲಾಸ್ಟರ್ ಒಣಗಲು ತಿಂಗಳಾದರೂ ಬಿಟ್ಟು ಪೇಂಟ್ ಹೊಡೆಯಿರಿ. ಮೇ ಕೊನೆಗೆ ಅವಸರ ಬಿದ್ದರೆ ಆ ಗೋಡೆಯ ಪೇಂಟನ್ನು ದೀಪಾವಳಿವರೆಗೆ ಮುಂದಕ್ಕೆ ಹಾಕುವುದೇ ವಾಸಿ.

ಹಣ ಹಂತಹಂತವಾಗಿ ಕೊಡಿ: ಅಡ್ವಾನ್ಸ್ ಶೇ. 10, ಚರಂಡಿ ಪೈಪ್ ಕಣ್ಣಿಗೆ ಕಾಣುವಾಗ ಒಂದು ಕಂತು (ಮಣ್ಣು ಮುಚ್ಚಿದ ಮೇಲೆ ಅಲ್ಲ), ನೆಲ ಆದಾಗ ಒಂದು, ಪ್ಲಾಸ್ಟರ್ ಆದಾಗ ಒಂದು. ಕೊನೆಯ ಶೇ. 10 ಆಗಸ್ಟ್ ಮುಗಿಯುವವರೆಗೆ ನಿಮ್ಮ ಹತ್ತಿರವೇ ಇರುತ್ತದೆ ಎಂದು ಛಾಪಾ ಕಾಗದದ ಕರಾರಿನಲ್ಲಿ ಮೊದಲೇ ಬರೆಸಿ. ಆಗ ಹಿಂದಿನ ವರ್ಷದ ಫೋಟೋ ಹಿಡಿದುಕೊಂಡು, ಕಾಂಟ್ರಾಕ್ಟರನ್ನೂ ಕರೆದು, ಗುರುತು ಹಾಕಿದ್ದ ಅದೇ ಜಾಗಗಳಿಗೆ ಮತ್ತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ.